ಒಂದೂಕಾಲು ಡಾಲರಿನ ಗೆರೆ

ನಮ್ಮ ಬಳಗದ ಗೆಳೆಯರೊಬ್ಬರು ಪಾರ್ಟ್ ಟೈಮ್ ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಎರಡು ವರ್ಷವಾಯಿತು. ಹಗಲು ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಎಪಿಎಂಸಿ ಎಂದು ಸುದ್ದಿಗೆ ಅಲೆದಾಟ. ರಾತ್ರಿ ಊಟವಾದ ಮೇಲೆ ಓದು. ಅವರು ಆರಿಸಿಕೊಂಡ ವಿಷಯ ‘ಕೆಲಸದ ಹುಮ್ಮಸ್ಸು ಮತ್ತು ವೇತನ’. ಮೊದಲ ಸಲ ಕೇಳಿದಾಗ ನಾವೆಲ್ಲ ನಕ್ಕಿದ್ದೆವು. ನಾವು ಜಿಲ್ಲಾ ಸ್ಟ್ರಿಂಗರುಗಳು. ನಮಗೆ ವೇತನ ಅಂತ ಇಲ್ಲ, ಅಚ್ಚಾದ ಸುದ್ದಿ ಎಣಿಸಿ ಕೊಡುವ ದುಡ್ಡು ಇದೆ. ಅಚ್ಚಾಗದ ಸುದ್ದಿಗೆ ಸುಟ್ಟ ಪೆಟ್ರೋಲು ನಮ್ಮದೇ ಖರ್ಚು.

ಹೋದ ತಿಂಗಳು ಅವರು ನಮಗೊಂದು ಪ್ರಶ್ನಾವಳಿ ಹಂಚಿದರು. ನಲವತ್ತು ಪ್ರಶ್ನೆ. ‘ನನ್ನ ಕೆಲಸಕ್ಕೆ ಸಿಗುವ ಹಣದಿಂದ ನನಗೆ ತೃಪ್ತಿ ಇದೆ’ ಎಂಬಂಥ ವಾಕ್ಯಗಳು. ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಹಾಕಬೇಕು. ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಆರು ಜನ ತುಂಬಿದೆವು. ಆರೂ ಜನ ನಾಲ್ಕು ಹಾಕಿದೆವು! ಐದು ಹಾಕಿದರೆ ಸುಳ್ಳೆಂದು ಗೊತ್ತಾಗುತ್ತದೆ. ಎರಡು ಹಾಕಿದರೆ ಆ ಹಾಳೆ ತಿರುಗಿ ತಿರುಗಿ ಯಾರ ಮೇಜು ಸೇರುತ್ತದೋ ಹೇಳಲಾಗದು.

ಗೆಳೆಯರು ಹಾಳೆಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಒಂದು ಜೆರಾಕ್ಸ್ ಕಟ್ಟು ತೆಗೆದು, ‘ಇದನ್ನು ಓದಿ’ ಎಂದು ಕೊಟ್ಟರು. ಎಂಬತ್ತು ವರ್ಷದ ಹಿಂದೆ ಅಮೆರಿಕದ ಷಿಕಾಗೋದಲ್ಲಿ ಅವರಂತೆಯೇ ಪಿಎಚ್‌ಡಿ ಮಾಡುತ್ತಿದ್ದವರೊಬ್ಬರ ಕಥೆ ಅದು. ಹೆಸರು ಡೊನಾಲ್ಡ್ ರಾಯ್. ಓದಿದ ಮೇಲೆ ನಮಗೆ ಅದನ್ನು ನಿಮ್ಮ ಮುಂದೆ ಇಡಬೇಕು ಅನಿಸಿತು. ಯಾಕೆಂದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಸಾವಿರ ಬೀಡಿಗಿಷ್ಟು ಎಂದು ಕಟ್ಟುವವರಿದ್ದೀರಿ, ಕೇಜಿಗಿಷ್ಟು ಎಂದು ಅಡಿಕೆ ಸುಲಿಯುವವರಿದ್ದೀರಿ, ಟನ್ನಿಗಿಷ್ಟು ಎಂದು ಕಬ್ಬು ಕಡಿಯುವವರಿದ್ದೀರಿ. ನಾವು ಸುದ್ದಿಗಿಷ್ಟು. ಎಲ್ಲರದೂ ಒಂದೇ ಲೆಕ್ಕ.

ರಾಯ್ ಕಥೆಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೂಲಿಯಾಳು ಯಾಕೆ ಮೈಮುರಿದು ದುಡಿಯುವುದಿಲ್ಲ ಎಂಬ ಪ್ರಶ್ನೆಯನ್ನು ಗಡಿಯಾರ ಹಿಡಿದು ಕೇಳಿದವರು ಫ್ರೆಡರಿಕ್ ಟೇಲರ್. ಶ್ರೀಮಂತ ಮನೆತನದವರು, ಆದರೂ 1878ರಲ್ಲಿ ಫಿಲಡೆಲ್ಫಿಯಾದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೆಲಸಗಾರರಾಗಿ ಸೇರಿ, ಲೇತ್ ಯಂತ್ರ ನಡೆಸಿ, ಆಮೇಲೆ ಮೇಸ್ತ್ರಿಯಾದರು. ಕೆಲಸಗಾರರಾಗಿದ್ದಾಗ ತಾವೂ ಉಳಿದವರ ಜೊತೆ ಸೇರಿ ಕೆಲಸ ಹಿಡಿದು ಮಾಡುತ್ತಿದ್ದೆವೆಂದು ಅವರೇ ಬರೆದುಕೊಂಡಿದ್ದಾರೆ. ಮೇಸ್ತ್ರಿಯಾದ ಕೂಡಲೇ ಅದೇ ಜೊತೆಗಾರರ ಮೇಲೆ ಮೂರು ವರ್ಷದಷ್ಟು ಕಾಲ ಜಗಳಕ್ಕೆ ಬಿದ್ದರು. ಅಧಿಕಾರ ಸಿಕ್ಕ ಮೇಲೆ ಹಳೆಯ ಬೆಂಚಿನ ನೆನಪು ಹೇಗೆ ಬದಲಾಗುತ್ತದೆ ಎನ್ನುವುದನ್ನು ನಿಮ್ಮ ಊರಲ್ಲೂ ಕಂಡಿರುತ್ತೀರಿ.

ಟೇಲರ್ ಹೆಸರು ಎಲ್ಲೆಡೆ ಹಬ್ಬಿದ್ದು 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಂಪನಿಯಲ್ಲಿ ನಡೆದ ಪ್ರಯೋಗದಿಂದ. ಅಲ್ಲಿ ಕೂಲಿಗಳು ತಲಾ ನಲವತ್ತು ಕೇಜಿಗೂ ಮೀರಿದ ಕಬ್ಬಿಣದ ಗಟ್ಟಿಗಳನ್ನು ಎತ್ತಿ, ಹಲಗೆಯ ಮೇಲೆ ನಡೆದು, ರೈಲಿನ ಡಬ್ಬಿಗೆ ತುಂಬುತ್ತಿದ್ದರು. ಒಬ್ಬೊಬ್ಬರು ದಿನಕ್ಕೆ ಸುಮಾರು 12.5 ಟನ್ ಹೊರುತ್ತಿದ್ದರು. ಕೂಲಿ 1 ಡಾಲರ್ 15 ಸೆಂಟ್. ಟೇಲರ್ ಒಬ್ಬ ಗಟ್ಟಿಗನನ್ನು ಆರಿಸಿ, ಯಾವಾಗ ಎತ್ತಬೇಕು ಯಾವಾಗ ಕೂರಬೇಕು ಎಂದು ಗಡಿಯಾರ ನೋಡಿ ಹೇಳಿಸಿ, ದಿನಕ್ಕೆ 47 ಟನ್ನಿನವರೆಗೆ ಹೊರಿಸಿದರು. ಕೂಲಿ 1 ಡಾಲರ್ 85 ಸೆಂಟ್ ಆಯಿತು. ಹೊರೆ ಹತ್ತಿರ ಹತ್ತಿರ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. 1911ರಲ್ಲಿ ಬಂದ ಪುಸ್ತಕದಲ್ಲಿ ಆ ಗಟ್ಟಿಗನಿಗೆ ಷ್ಮಿಟ್ ಎಂದು ಹೆಸರಿಟ್ಟು, ಈತ ಹಗಲೆಲ್ಲ ದುಡಿದೂ ಸಂಜೆ ಹೋಗಿ ತನ್ನ ಪುಟ್ಟ ಮನೆಯ ಗೋಡೆ ಕಟ್ಟಿಕೊಳ್ಳುತ್ತಿದ್ದ ಎಂದು ಬರೆದರು. ಟೇಲರ್ ಈ ಕಥೆಗೆ ಉಪ್ಪುಖಾರ ಸೇರಿಸಿದ್ದರೆಂದು ಆಮೇಲಿನ ಸಂಶೋಧಕರು ದಾಖಲೆ ತೆಗೆದು ತೋರಿಸಿದ್ದಾರೆ. ಆದರೆ ಕಥೆ ಆ ಹೊತ್ತಿಗೆ ಜಗತ್ತು ಸುತ್ತಿ ಬಂದಾಗಿತ್ತು.

ಟೇಲರ್ ಒಂದು ಮಾತು ಮಾತ್ರ ಮುಚ್ಚಿಡಲಿಲ್ಲ. ಕೂಲಿಗಳು ಕೆಲಸ ಹಿಡಿದು ಮಾಡುವುದಕ್ಕೆ ಕಾರಣ ಮಾಲೀಕರೇ ಎಂದರು. ಆಳು ಹೆಚ್ಚು ಮಾಡಿ ಹೆಚ್ಚು ದುಡಿದರೆ ಮಾಲೀಕ ದರ ಇಳಿಸುತ್ತಾನೆ, ಒಮ್ಮೆ ಈ ಏಟು ತಿಂದವನು ಮತ್ತೆ ಜೋರಾಗಿ ಕೆಲಸ ಮಾಡುವುದಿಲ್ಲ ಎಂಬುದು ಅವರ ವಾದ. ಅದಕ್ಕೆ ಅವರು ಕಂಡುಕೊಂಡ ಮದ್ದು ಗಡಿಯಾರ. ಸರಿಯಾಗಿ ಅಳೆದು ದರ ಕಟ್ಟಿದರೆ ಇಳಿಸುವ ಪ್ರಸಂಗವೇ ಬರುವುದಿಲ್ಲ ಎಂದು ನಂಬಿದ್ದರು.

ಮುಂದಿನ ಅಧ್ಯಾಯ ಷಿಕಾಗೋ ಪಕ್ಕದ ಸಿಸೆರೋದಲ್ಲಿ, ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ. ಟೆಲಿಫೋನ್ ಉಪಕರಣ ಮಾಡುವ ಜಾಗ. 1924ರಿಂದ 1932ರವರೆಗೆ ಅಲ್ಲಿ ಬೆಳಕು ಹೆಚ್ಚಿಸಿ ನೋಡಿದರು, ಇಳಿಸಿ ನೋಡಿದರು, ಬಿಡುವು ಕೊಟ್ಟು ನೋಡಿದರು. ಎಂಬಿಎ ಓದುವ ಮಕ್ಕಳೆಲ್ಲ ಇದನ್ನು ಉರು ಹೊಡೆಯುತ್ತಾರೆ, ಹಾಗಾಗಿ ಪೂರ್ತಿ ಹೇಳುವುದಿಲ್ಲ. ನಮಗೆ ಬೇಕಾದದ್ದು ಕೊನೆಯ ಪ್ರಯೋಗ. 1931ರ ನವೆಂಬರಿನಿಂದ 1932ರ ಮೇವರೆಗೆ 14 ಜನ ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ವೀಕ್ಷಕರೊಬ್ಬರು ಅಲ್ಲೇ ಕೂತು ನೋಡಿದರು. ಗುಂಪಿನ ಕೆಲಸ ಹೆಚ್ಚಾದರೆ ಎಲ್ಲರ ದುಡಿಮೆಯೂ ಹೆಚ್ಚಾಗುವ ಏರ್ಪಾಡಿತ್ತು. ಆದರೂ ತಂತಿ ಜೋಡಿಸುವವರು ದಿನಕ್ಕೆ ಎರಡೇ ಉಪಕರಣ ಎಂದು ತಾವೇ ಗೆರೆ ಹಾಕಿಕೊಂಡಿದ್ದರು. ಗೆರೆ ದಾಟಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ತಮಾಷೆಯಂತೆ ಕಾಣುವ, ಆದರೆ ನೋಯುವ ಗುದ್ದು.

ಇದನ್ನು ಬರೆದ ವಿದ್ವಾಂಸರು 1939ರ ತಮ್ಮ ದೊಡ್ಡ ಪುಸ್ತಕದಲ್ಲಿ, ಈ ಕೆಲಸಗಾರರು ಲೆಕ್ಕಾಚಾರದಿಂದಲ್ಲ, ಭಾವನೆಯಿಂದ ಹೀಗೆ ನಡೆದುಕೊಳ್ಳುತ್ತಾರೆ ಎಂದು ತೀರ್ಪು ಕೊಟ್ಟರು. ನಮಗೆ ಇದು ಸರಿ ಕಾಣುವುದಿಲ್ಲ. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲವೆಂದೇ ಆ ಪ್ರಯೋಗವನ್ನು ನಡುವೆ ನಿಲ್ಲಿಸಬೇಕಾಯಿತು. ಬೇಗ ಮುಗಿಸಿದರೆ ಮನೆಗೆ ಕಳಿಸುತ್ತಾರೆ ಎಂದು ಹೆದರಿದವನದು ಬರೀ ಭಾವನೆಯೇ? ಮೂಲೆಯಲ್ಲಿ ಕುರ್ಚಿ ಹಾಕಿ ಕೂತವರಿಗೆ ಗುದ್ದು ಕಂಡಿತು, ಗುದ್ದಿನ ಹಿಂದಿನ ಲೆಕ್ಕ ಕಾಣಲಿಲ್ಲ.

ರಾಯ್ ಮಾಡಿದ್ದು ಕುರ್ಚಿ ಬಿಟ್ಟು ಎದ್ದ ಕೆಲಸ.

ಡೊನಾಲ್ಡ್ ರಾಯ್ ಹುಟ್ಟಿದ್ದು 1909ರಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಲ್ಲಿ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ, ಮನೆ ಎರಡೂ ಇಲ್ಲದವರು ಸಿಯಾಟಲ್ ನಗರದ ಅಂಚಿನಲ್ಲಿ ಹಲಗೆ, ತಗಡು ಸೇರಿಸಿ ಕಟ್ಟಿಕೊಂಡ ಜೋಪಡಿ ಊರಿಗೆ ಹೂವರ್‌ವಿಲ್ ಎಂದು ಹೆಸರು. ರಾಯ್ ಎಂ.ಎ. ಪ್ರಬಂಧಕ್ಕಾಗಿ ಅಲ್ಲಿ ಹೋಗಿ ತಾವೂ ಜೋಪಡಿಯಲ್ಲಿ ವಾಸವಿದ್ದರು. 1935ರಲ್ಲಿ ಆ ಪ್ರಬಂಧ ಮುಗಿಯಿತು. ಹೀಗೆ ಹೋಗಿ ಇದ್ದು ಬರೆಯುವುದು ಅವರಿಗೆ ಆಗಲೇ ಅಭ್ಯಾಸವಾಗಿತ್ತು.

ಆಮೇಲೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ. 1944ರ ನವೆಂಬರಿನಲ್ಲಿ ಒಂದು ಕಾರ್ಖಾನೆಯ ಯಂತ್ರದಂಗಡಿಗೆ ಡ್ರಿಲ್ ನಡೆಸುವವರಾಗಿ ಸೇರಿಕೊಂಡರು. ಕಬ್ಬಿಣದ ಬಿಡಿಭಾಗಗಳಿಗೆ ತೂತು ಕೊರೆಯುವ ಕೆಲಸ, ಎರಡನೇ ಪಾಳಿ. 1945ರ ಆಗಸ್ಟ್ ಕೊನೆಯವರೆಗೆ ಅಲ್ಲಿದ್ದರು. ಪಕ್ಕದ ಯಂತ್ರದವರಿಗೂ ಹೇಳಲಿಲ್ಲ, ಆಡಳಿತಕ್ಕೂ ಹೇಳಲಿಲ್ಲ. ಅವರ ಕಣ್ಣಿಗೆ ರಾಯ್ ಇನ್ನೊಬ್ಬ ಕೂಲಿ. ಪಾಳಿ ಮುಗಿಸಿ ಹೋದ ಮೇಲೆ ಆ ದಿನ ನಡೆದದ್ದು, ಆಡಿದ ಮಾತು, ತಾವು ಮಾಡಿದ ಪೀಸು, ತಮಗೆ ಬಂದ ಸಿಟ್ಟು ಎಲ್ಲವನ್ನೂ ನೆನಪಿನಿಂದ ಬರೆದಿಡುತ್ತಿದ್ದರು. ಆ ಡೈರಿಯೇ ಅವರ ಪ್ರಶ್ನಾವಳಿ. ಪುಸ್ತಕಗಳಲ್ಲಿ ಆ ಕಾರ್ಖಾನೆಗೆ ಗೀರ್ ಎಂದು ಬೇರೆ ಹೆಸರು ಇಟ್ಟಿದೆ.

ದುಡ್ಡಿನ ಲೆಕ್ಕ ಹೀಗಿತ್ತು. ಪ್ರತಿ ಬಿಡಿಭಾಗಕ್ಕೂ ಇಷ್ಟು ಎಂದು ದರ. ಆ ದರವನ್ನು ಗಡಿಯಾರ ಹಿಡಿದು ಬರುವ ಕಚೇರಿಯವರು ಕಟ್ಟುತ್ತಿದ್ದರು. ಯಾವ ದರದಲ್ಲಿ ಎಷ್ಟೇ ಕಡಿಮೆ ಮಾಡಿದರೂ ರಾಯ್‌ಗೆ ಗಂಟೆಗೆ 85 ಸೆಂಟ್ ಖಾತ್ರಿ. ಅದಕ್ಕಿಂತ ಹೆಚ್ಚು ಮಾಡಿದರೆ ಹೆಚ್ಚು ದುಡ್ಡು. ಕಾಗದದ ಮೇಲೆ ಇದಕ್ಕೆ ಮೇಲಿನ ಮಿತಿ ಇಲ್ಲ. ನಮ್ಮ ದೇಶದ 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ, ಪೀಸ್ ಲೆಕ್ಕದವರಿಗೆ ಹೊತ್ತಿನ ಲೆಕ್ಕದಲ್ಲಿ ಇಷ್ಟಾದರೂ ಸಿಗಲೇಬೇಕು ಎಂದು ಇಂಥದೇ ಖಾತ್ರಿ ದರ ಗೊತ್ತುಮಾಡಲು ಅವಕಾಶವಿತ್ತು. ನಮ್ಮಲ್ಲಿ ಅದನ್ನು ಕೈಯಲ್ಲಿ ಎಣಿಸಿಕೊಂಡವರು ಇದ್ದರೆ ದಯವಿಟ್ಟು ನಮಗೊಂದು ಫೋನ್ ಮಾಡಿ, ಅದೇ ಒಂದು ಸುದ್ದಿ.

ರಾಯ್ ಸೇರಿದ ಕೆಲವೇ ದಿನಕ್ಕೆ ಹಳಬರು ಅವರಿಗೆ ನಿಜವಾದ ನಿಯಮ ಹೇಳಿಕೊಟ್ಟರು. ಗಂಟೆಗೆ 1 ಡಾಲರ್ 25 ಸೆಂಟಿಗಿಂತ ಮೇಲೆ ಹೋಗಬಾರದು. ಎಂಟು ಗಂಟೆಗೆ ಹತ್ತು ಡಾಲರ್, ಅಷ್ಟೇ. ಯಾವ ಗೋಡೆಯ ಮೇಲೂ ಬರೆಯದ, ಎಲ್ಲರೂ ಪಾಲಿಸುವ ಗೆರೆ. ಪಂಪಿನ ಭಾಗವೊಂದಕ್ಕೆ ತೂತು ಕೊರೆಯುವ ಕೆಲಸದಲ್ಲಿ ಒಬ್ಬ ನುರಿತವನು ಬೇಕೆಂದೇ ನಿಧಾನ ಮಾಡುತ್ತಿದ್ದ. ಜೋರಾಗಿ ಮಾಡಿದರೆ ಹೆಚ್ಚಿಗೆ ಸಿಗುವುದಿಲ್ಲವೇ ಎಂದು ರಾಯ್ ಅಮಾಯಕನಂತೆ ಕೇಳಿದರು. ಆತ ಸಿಟ್ಟಿನಿಂದ ಕೊಟ್ಟ ಉತ್ತರದ ಸಾರ ಇದು: ಸಿಗುತ್ತದೆ, ಒಂದೇ ಒಂದು ಸಲ. ಮಾರನೆಯ ದಿನ ಗಡಿಯಾರದವರು ಬಂದು ಮತ್ತೆ ಅಳೆದು ದರವನ್ನು ಅರ್ಧಕ್ಕೆ ಇಳಿಸುತ್ತಾರೆ. ಆಮೇಲೆ ಅಷ್ಟೇ ಬೆವರಿಗೆ ಗಂಟೆಗೆ 85 ಸೆಂಟ್.

ಅಡಿಕೆಯ ಲೆಕ್ಕದಲ್ಲಿ ಹೇಳಿದರೆ ಇನ್ನೂ ಬೇಗ ಅರ್ಥವಾದೀತು. ಸುಮ್ಮನೆ ಒಂದು ಲೆಕ್ಕ ಹಿಡಿಯೋಣ. ಕೇಜಿಗೆ ಹತ್ತು ರೂಪಾಯಿ, ದಿನಕ್ಕೆ ಇಪ್ಪತ್ತು ಕೇಜಿ ಸುಲಿದರೆ ಇನ್ನೂರು. ಕೈ ಪಳಗಿದವಳು ಮೂವತ್ತು ಕೇಜಿ ಸುಲಿದು ಮುನ್ನೂರು ತೆಗೆದುಕೊಂಡಳು. ಧಣಿ, ಓಹೋ ಇಷ್ಟು ಸುಲಭವೋ ಎಂದು ಮುಂದಿನ ವಾರ ಕೇಜಿಗೆ ಏಳು ರೂಪಾಯಿ ಮಾಡಿದ. ಈಗ ಅವಳು ಮೂವತ್ತು ಸುಲಿದರೂ ಇನ್ನೂರ ಹತ್ತು. ಪಕ್ಕದಲ್ಲಿ ಕೂತ, ಕಣ್ಣು ಮಂಜಾದ ಅಜ್ಜಿ ಇಪ್ಪತ್ತು ಸುಲಿದರೆ ನೂರ ನಲವತ್ತು. ಅಜ್ಜಿ ಆ ಚುರುಕು ಹೆಂಗಸನ್ನು ಮೆಚ್ಚುಗೆಯಿಂದ ನೋಡುತ್ತಾಳೆಯೇ?

ನಮಗೆ ಈ ಜಾಗದಲ್ಲಿ ಓದು ನಿಂತಿತು. ಯಾಕೆಂದರೆ ನಮ್ಮಲ್ಲೂ ಇದು ನಡೆದಿದೆ. ಕೆಲವು ವರ್ಷದ ಹಿಂದೆ, ಪತ್ರಿಕೆಯೊಂದಕ್ಕೆ ಕೆಲಸ ಮಾಡುವಾಗ, ನಮ್ಮಲ್ಲೊಬ್ಬರು ಹೊಸ ಹುರುಪಿನಲ್ಲಿ ಒಂದೇ ತಿಂಗಳು ದಿನಕ್ಕೆ ಮೂರು ನಾಲ್ಕು ಸುದ್ದಿ ಕಳಿಸಿದರು. ಜಾತ್ರೆ, ರಸ್ತೆ ಗುಂಡಿ, ಶಾಲೆ ಸೋರುವುದು, ಏನೂ ಬಿಡಲಿಲ್ಲ. ಎಲ್ಲ ಅಚ್ಚಾಯಿತು. ಬಿಲ್ ದೊಡ್ಡದಾಗಿ ಹೋಯಿತು. ಮುಂದಿನ ತಿಂಗಳು ಎಲ್ಲ ತಾಲ್ಲೂಕಿನವರಿಗೂ ವಾಟ್ಸ್‌ಆ್ಯಪಿನಲ್ಲಿ ಒಂದು ಸಾಲು ಬಂತು: ಇನ್ನು ಮೇಲೆ ತಿಂಗಳಿಗೆ ಇಷ್ಟು ಸುದ್ದಿಗೆ ಮಾತ್ರ ಲೆಕ್ಕ, ಸಣ್ಣ ಸುದ್ದಿಗೆ ಅರ್ಧ ದರ. ಆ ಹುರುಪಿನವರ ಜೊತೆ ನಾವು ಒಂದೆರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ತೋಳಿಗೆ ಗುದ್ದಲಿಲ್ಲ ಅಷ್ಟೇ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ತಪ್ಪೇನೂ ಮಾಡಿರಲಿಲ್ಲ. ದರ ಇಳಿಸಿದವರ ಮುಖ ನಮಗೆ ಕಾಣುತ್ತಿರಲಿಲ್ಲ, ಇವರ ಮುಖ ದಿನಾ ಕಾಣುತ್ತಿತ್ತು.

ರಾಯ್ ಕಾರ್ಖಾನೆಯಲ್ಲಿ ಕೆಲಸಗಳಿಗೆ ಎರಡು ಅಡ್ಡಹೆಸರು. ದರ ಚೆನ್ನಾಗಿರುವ ಕೆಲಸ ‘ಗ್ರೇವಿ’, ಅಂದರೆ ಗಟ್ಟಿ ಸಾರು. ಎಷ್ಟು ಒದ್ದಾಡಿದರೂ ದರ ಗಿಟ್ಟದ ಕೆಲಸಕ್ಕೆ ‘ನಾರುವುದು’ ಎಂಬರ್ಥದ ಹೆಸರು. ಗ್ರೇವಿ ಸಿಕ್ಕಾಗ ಒಂದೂಕಾಲು ಡಾಲರಿನ ಮಟ್ಟ ಮುಟ್ಟಿ, ಉಳಿದ ಹೊತ್ತು ಯಂತ್ರದ ಸುತ್ತ ಅಡ್ಡಾಡಿ ಕಳೆಯುವುದು. ನಾರುವ ಕೆಲಸ ಸಿಕ್ಕಾಗ, ಹೇಗೂ 85 ಸೆಂಟ್ ಬಂದೇ ಬರುತ್ತದೆ, ಬೆವರು ಹರಿಸಿದರೂ ಅಷ್ಟೇ ಎಂದು ಕೈ ಬಿಡುವುದು. ರಾಯ್ ತಮ್ಮದೇ ಗಂಟೆವಾರು ದುಡಿಮೆಯನ್ನು ಪಟ್ಟಿ ಮಾಡಿದಾಗ ಎರಡು ಗುಡ್ಡೆ ಕಂಡವು. ಒಂದು 85 ಸೆಂಟಿನ ಕೆಳಗೆ, ಇನ್ನೊಂದು ಒಂದೂಕಾಲು ಡಾಲರಿನ ಸುತ್ತ. ನಡುವಿನ ಜಾಗ ಬಹುಪಾಲು ಖಾಲಿ. ಹೊರಗಿನಿಂದ ನೋಡುವವರಿಗೆ ಎರಡೂ ಗುಡ್ಡೆಗೆ ಸೋಮಾರಿತನ ಎಂಬ ಒಂದೇ ಹೆಸರು. ಒಳಗಿದ್ದವರಿಗೆ ಗೊತ್ತು, ಒಂದು ಗುಡ್ಡೆ ದರ ಉಳಿಸಿಕೊಳ್ಳುವ ಉಪಾಯ, ಇನ್ನೊಂದು ಕೆಟ್ಟ ದರದ ಮೇಲಿನ ಮುನಿಸು.

ಇಲ್ಲಿಯವರೆಗೆ ಎಲ್ಲ ದುಡ್ಡಿನ ಲೆಕ್ಕ. ಆದರೆ ರಾಯ್ ತಮ್ಮ ಮೇಲೆಯೇ ಇನ್ನೊಂದು ವಿಚಿತ್ರ ಕಂಡುಕೊಂಡರು. ದರ ಗಿಟ್ಟಿಸಲು ಕಲಿತ ಮೇಲೆ ಅವರಿಗೆ ಆಯಾಸ ಕಡಿಮೆಯಾಯಿತು! ಹೆಚ್ಚು ಕೆಲಸ ಮಾಡಿದ ದಿನವೇ ಮೈ ಹಗುರ. ಗಡಿಯಾರದ ಜೊತೆ ಪಂದ್ಯ ಕಟ್ಟಿದಂತೆ ಹೊತ್ತು ಓಡುತ್ತಿತ್ತು. ಗೆದ್ದರೆ ಗಡಿಯಾರದವರ ಮೂಗಿನ ಮೇಲೆ ಬೆರಳಿಟ್ಟ ಸುಖ. ಪಕ್ಕದವರ ಎದುರು ಒಂದು ಮರ್ಯಾದೆ. ಹತ್ತು ಡಾಲರು ಎಷ್ಟು ಮುಖ್ಯವೋ ಈ ಆಟವೂ ಅಷ್ಟೇ ಮುಖ್ಯವಾಗಿತ್ತು ಎಂದು 1953ರ ಲೇಖನದಲ್ಲಿ ಬಿಡಿಸಿ ಹೇಳಿದರು. ದುಡ್ಡು ಒಂದೇ ಮನುಷ್ಯನನ್ನು ಓಡಿಸುತ್ತದೆ ಎನ್ನುವವರಿಗೂ, ದುಡ್ಡು ಮುಖ್ಯವೇ ಅಲ್ಲ, ಬೆನ್ನು ತಟ್ಟಿದರೆ ಸಾಕು ಎನ್ನುವವರಿಗೂ ಇದು ಇಷ್ಟವಾಗುವ ಮಾತಲ್ಲ. ನಮಗೆ ಮಾತ್ರ ಪೂರ್ತಿ ಒಪ್ಪಿಗೆ. ಗಡುವಿಗೆ ಎರಡು ನಿಮಿಷ ಇರುವಾಗ ಸುದ್ದಿ ಕಳಿಸಿದ ಖುಷಿಯನ್ನು ಯಾವ ಬಿಲ್ಲಿನಲ್ಲೂ ಬರೆಯಲಾಗದು. ಹಾಗೆಂದು ಆ ಖುಷಿ ತೋರಿಸಿ ಬಿಲ್ ಕತ್ತರಿಸುವುದೂ ಸರಿಯಲ್ಲ.

ಇನ್ನೊಂದು ಸ್ವಾರಸ್ಯ. ಉಪಕರಣ ಕೊಡುವ ಕೋಣೆಯವರು, ಯಂತ್ರ ಹೊಂದಿಸಿಕೊಡುವವರು, ತಪಾಸಣೆಯವರು ಎಲ್ಲ ದಿನಗೂಲಿಯವರು. ಡ್ರಿಲ್‌ನವರು ಹೆಚ್ಚು ಮಾಡಿದರೆ ಅವರಿಗೆ ಕಾಸೂ ಇಲ್ಲ. ಆದರೂ ಅವರು ಡ್ರಿಲ್‌ನವರ ಜೊತೆ ಸೇರಿಕೊಳ್ಳುತ್ತಿದ್ದರು. ಮೇಲಿನಿಂದ ಹೊಸ ಹೊಸ ಕಟ್ಟಳೆ ಬರುತ್ತಿದ್ದವು: ಉಪಕರಣ ಹೀಗೆಯೇ ಪಡೆಯಬೇಕು, ಮೊದಲೇ ತೆಗೆದಿಟ್ಟುಕೊಳ್ಳಬಾರದು ಎಂದು. ಒಂದಷ್ಟು ದಿನ ಎಲ್ಲರಿಗೂ ತೊಂದರೆ, ಬೈಗುಳ. ಆಮೇಲೆ ಸದ್ದಿಲ್ಲದೆ ಒಂದು ಒಳದಾರಿ ಹುಟ್ಟಿ ಕೆಲಸ ಮತ್ತೆ ಸಲೀಸು. 1954ರಲ್ಲಿ ರಾಯ್ ಇದನ್ನೇ ಬರೆದರು. ಕೆಲಸ ಕೆಡಿಸುವ ಕಟ್ಟಳೆ ಕಚೇರಿಯಿಂದ ಬರುತ್ತಿತ್ತು, ಕೆಲಸ ಸಾಗಿಸುವ ಬುದ್ಧಿ ಕೆಳಗಿನಿಂದ ಬರುತ್ತಿತ್ತು. ನರೇಗಾ ಹಾಜರಾತಿ ಆ್ಯಪ್ ಬಂದ ಹೊಸತರಲ್ಲಿ ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿ ಹೊರಟವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ವಿಶ್ವವಿದ್ಯಾಲಯದಲ್ಲಿ ಆಗ ಮೆಲ್ವಿಲ್ ಡಾಲ್ಟನ್ ಎಂಬ ಇನ್ನೊಬ್ಬರು ಕಾರ್ಖಾನೆ ಕೆಲಸ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಹೊತ್ತಿದ್ದರು. ಗೆರೆ ದಾಟಿ ದುಡಿಯುವ ಕೆಲವರು ಎಲ್ಲೆಡೆ ಇರುತ್ತಾರಲ್ಲ, ಅವರು ಯಾರು ಎಂದು ಡಾಲ್ಟನ್ ಹುಡುಕಿದರು. ಅವರಲ್ಲಿ ಹಳ್ಳಿಯ ರೈತರ ಮಕ್ಕಳು ಎದ್ದು ಕಂಡರು. ಅಪ್ಪನ ಹೊಲದಲ್ಲಿ ಒಂಟಿಯಾಗಿ ದುಡಿದು ಬೆಳೆದವರು, ಗುಂಪಿನ ಜೊತೆ ಬೆರೆಯದವರು, ಸ್ವಂತ ಆಸ್ತಿ ಮಾಡುವ ಹಂಬಲದವರು. ಗೆರೆ ಕಾಯುವವರಲ್ಲಿ ನಗರದ ಕೂಲಿ ಕೇರಿಗಳಲ್ಲಿ ಬೆಳೆದವರು ಹೆಚ್ಚು. 1948ರಲ್ಲಿ ಇದು ಪ್ರಕಟವಾಯಿತು. ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದ ನಮ್ಮೂರ ಹುಡುಗಿಯರು ಮೊದಲ ತಿಂಗಳು ಟಾರ್ಗೆಟ್ ಮೀರಿ ಹೊಲಿದು ಲೈನಿನವರಿಂದ ಬೈಸಿಕೊಂಡ ಕಥೆ ನಾವು ಕೇಳಿದ್ದೇವೆ.

ರಾಯ್ 1952ರಲ್ಲಿ ಪಿಎಚ್‌ಡಿ ಪಡೆದರು. ಅಷ್ಟರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದ್ದರು. ಹೆಚ್ಚು ಪುಸ್ತಕ ಬರೆಯಲಿಲ್ಲ. ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರುವುದು ಬಾಳೆಹಣ್ಣಿನಿಂದ. ಇನ್ನೊಂದು ಕಾರ್ಖಾನೆಯ ಸಣ್ಣ ಕೋಣೆಯಲ್ಲಿ, ಒತ್ತುವ ಯಂತ್ರದ ಮುಂದೆ, ಮೂವರು ಜೊತೆಗಾರರ ನಡುವೆ ಎರಡು ತಿಂಗಳು ಕೆಲಸ ಮಾಡಿದ್ದರು. ದಿನಕ್ಕೆ 12 ಗಂಟೆ, ವಾರಕ್ಕೆ ಆರು ದಿನ, ಒಂದೇ ಅಚ್ಚು ಒತ್ತುತ್ತ ಕೂರುವುದು. ಅವರಲ್ಲಿ ಒಬ್ಬ ದಿನಾ ಡಬ್ಬಿಯಲ್ಲಿ ಒಂದು ಬಾಳೆಹಣ್ಣು ತರುತ್ತಿದ್ದ. ಇನ್ನೊಬ್ಬ ದಿನಾ ಅದನ್ನು ಕದ್ದು, ‘ಬಾಳೆಹಣ್ಣಿನ ಹೊತ್ತು’ ಎಂದು ಕೂಗಿ ತಿನ್ನುತ್ತಿದ್ದ. ತಂದವನು ದಿನಾ ಬೈಯುತ್ತಿದ್ದ, ಮರುದಿನ ಮತ್ತೆ ತರುತ್ತಿದ್ದ. ಒಂದು ದಿನವೂ ಅವನಿಗೆ ತನ್ನ ಹಣ್ಣು ಸಿಗಲಿಲ್ಲ. ಈ ಹುಚ್ಚಾಟವೇ ಅವರನ್ನು 12 ಗಂಟೆ ದಾಟಿಸುತ್ತಿತ್ತು ಎಂದು ರಾಯ್ ಬರೆದರು. 1980ರಲ್ಲಿ ಅವರು ತೀರಿಕೊಂಡರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

1974ರ ಜುಲೈಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಇನ್ನೊಬ್ಬ ಪಿಎಚ್‌ಡಿ ವಿದ್ಯಾರ್ಥಿ ಎಂಜಿನ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಯಂತ್ರ ನಡೆಸಲು ಸೇರಿದರು. ಹೆಸರು ಮೈಕೆಲ್ ಬುರವಾಯ್. ಇಂಗ್ಲೆಂಡಿನವರು, ಕೇಂಬ್ರಿಡ್ಜಿನಲ್ಲಿ ಗಣಿತ ಓದಿ, ಜಾಂಬಿಯಾದಲ್ಲಿ ಎಂ.ಎ. ಮಾಡಿ ಬಂದವರು. ಯಂತ್ರದ ಮುಂದೆ ಕೈ ಅಷ್ಟು ಚುರುಕಲ್ಲ. ಸೇರಿದ ಮೇಲೆ ರಾಯ್ ಬರಹ ತೆಗೆದು ಓದುತ್ತ ಹೋದಂತೆ ಅನುಮಾನ ಬಂತು. ಈ ಅಂಗಡಿ, ಈ ವಿಭಾಗಗಳು, ಈ ಆಟ, ಎಲ್ಲ ಕಣ್ಣೆದುರಿಗೇ ಇವೆಯಲ್ಲ? ವಿಚಾರಿಸಿದರೆ ಅದೇ ಕಾರ್ಖಾನೆ! ಹಳೆಯ ಗೀರ್ ಅನ್ನು ದೊಡ್ಡ ಕಂಪನಿಯೊಂದು ಕೊಂಡಿತ್ತು. ಷಿಕಾಗೋ ಸುತ್ತ ಅಷ್ಟೊಂದು ಕಾರ್ಖಾನೆ ಇರುವಾಗ, ಗೊತ್ತಿಲ್ಲದೆ, ಮೂವತ್ತು ವರ್ಷದ ನಂತರ, ರಾಯ್ ನಿಂತ ಜಾಗಕ್ಕೇ ಹೋಗಿ ನಿಂತಿದ್ದರು.

ಮೂವತ್ತು ವರ್ಷದಲ್ಲಿ ಏನು ಬದಲಾಗಿತ್ತು? ಗಡಿಯಾರದವರ ಕಾಟ ಕಡಿಮೆಯಾಗಿತ್ತು. ಗೆರೆ ಮಾತ್ರ ಇತ್ತು. ಈಗ ಅದನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತಿದ್ದರು, 140ರ ಮೇಲೆ ಹೋಗಬಾರದು. ಅದಕ್ಕಿಂತ ಹೆಚ್ಚು ಮಾಡಿದ್ದನ್ನು ತೋರಿಸದೆ ಎತ್ತಿಟ್ಟು, ಕೆಟ್ಟ ದಿನ ತೋರಿಸುವುದು. ಆ ಗಂಟಿಗೆ ‘ಕಿಟ್ಟಿ’ ಎಂದು ಹೆಸರು. ನಮ್ಮಲ್ಲೂ ಕಿಟ್ಟಿ ಇದೆ. ಕೆಡದ ಸುದ್ದಿಗಳನ್ನು, ಹಳೆಯ ಶಾಸನ, ಒಣಗಿದ ಕೆರೆ, ನೂರು ದಾಟಿದ ಅಜ್ಜ, ಇಂಥವನ್ನು ಎತ್ತಿಟ್ಟು ಸುದ್ದಿಯಿಲ್ಲದ ವಾರ ಒಂದೊಂದೇ ಬಿಡುತ್ತೇವೆ.

ಬುರವಾಯ್ ಮೊದಮೊದಲು ಈ ಆಟವನ್ನು ಕಂಡು ಮೂಗು ಮುರಿದಿದ್ದರು. ನಾಲ್ಕು ಕಾಸಿಗಾಗಿ ಇಷ್ಟು ಒದ್ದಾಟವೇ ಎಂದು. ಕೆಲವು ತಿಂಗಳಲ್ಲಿ ತಾವೇ ಅದರೊಳಗೆ ಸಿಕ್ಕಿಬಿದ್ದರು. ಆಗ ಅವರಿಗೆ ಹೊಳೆದದ್ದು ಪ್ರಶ್ನೆಯೇ ತಲೆಕೆಳಗು ಎಂದು. ಟೇಲರ್ ಕಾಲದಿಂದ ಎಲ್ಲರೂ ಕೇಳಿದ್ದು, ಇವರು ಯಾಕೆ ಇನ್ನೂ ಹೆಚ್ಚು ದುಡಿಯುವುದಿಲ್ಲ ಎಂದು. ಬುರವಾಯ್ ಕೇಳಿದ್ದು, ಇವರು ಯಾಕೆ ಇಷ್ಟೊಂದು ದುಡಿಯುತ್ತಾರೆ ಎಂದು. ಆಟ ಆಡತೊಡಗಿದವನು ಆಟದ ನಿಯಮ ಯಾರು ಮಾಡಿದ್ದು ಎಂದು ಕೇಳುವುದನ್ನು ಮರೆಯುತ್ತಾನೆ ಎಂಬುದು ಅವರಿಗೆ ಸಿಕ್ಕ ಉತ್ತರ. 1979ರಲ್ಲಿ ಇದು ಪುಸ್ತಕವಾಯಿತು. ಆಮೇಲೆ ಅವರು ಬರ್ಕ್ಲಿಯಲ್ಲಿ ದಶಕಗಳ ಕಾಲ ಪಾಠ ಮಾಡಿದರು, ನಡುವೆ ಹಂಗೇರಿಗೆ ಹೋಗಿ ಉಕ್ಕಿನ ಕುಲುಮೆಯ ಮುಂದೆಯೂ ನಿಂತು ಬಂದರು. 2025ರ ಫೆಬ್ರವರಿಯಲ್ಲಿ ಓಕ್‌ಲ್ಯಾಂಡ್ ನಗರದಲ್ಲಿ ರಸ್ತೆ ದಾಟುವಾಗ ಕಾರೊಂದು ಗುದ್ದಿ ನಿಲ್ಲಿಸದೆ ಹೋಯಿತು. ಬುರವಾಯ್ ಉಳಿಯಲಿಲ್ಲ.

ಜೆರಾಕ್ಸ್ ಕಟ್ಟನ್ನು ಗೆಳೆಯರಿಗೆ ವಾಪಸ್ ಕೊಡುವಾಗ ನಾವು ಒಂದು ಮಾತು ಕೇಳಿದೆವು. ರಾಯ್ ಯಾರಿಗೂ ಹೇಳದೆ ಬರೆದುಕೊಂಡದ್ದು ಸರಿಯೇ? ಸಿಟ್ಟಿನಲ್ಲಿ ನಿಜ ಹೇಳಿದ ಆ ಡ್ರಿಲ್‌ನವನಿಗೆ ತನ್ನ ಮಾತು ಪ್ರಬಂಧ ಸೇರುತ್ತದೆ ಎಂದು ಗೊತ್ತಿದ್ದರೆ ಹೇಳುತ್ತಿದ್ದನೇ? ಹೇಳದಿದ್ದರೆ ನಾವು ಈ ಲೆಕ್ಕವನ್ನು ಇವತ್ತು ಓದುತ್ತಿರಲಿಲ್ಲ, ಅದೂ ನಿಜ. ಗೆಳೆಯರು, ಇದೇ ಪ್ರಶ್ನೆಯನ್ನು ಗೈಡ್ ಕೂಡ ಕೇಳಿದ್ದಾರೆ, ಈಗ ನಿಯಮ ಬೇರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು ಎಂದರು. ಸಹಿ ಹಾಕಿದ ಮೇಲೆ ನಾವು ಮತ್ತೆ ನಾಲ್ಕೇ ಅಂಕ ಹಾಕುತ್ತೇವೆ ಎಂದೆವು. ಅವರಿಗೂ ಅದು ಗೊತ್ತು.

ನಮ್ಮ ಆರು ಹಾಳೆಗಳನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊನ್ನೆ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡಿದ್ದಾರೆ. ರಾತ್ರಿ ಸುದ್ದಿ ಕಳಿಸಿ ಮುಗಿದ ಮೇಲೆ ಅದರಲ್ಲಿ ಏನೋ ಬರೆಯುತ್ತಾರೆ. ನಮ್ಮನ್ನೆಲ್ಲ ಕೂರಿಸಿ, ಹೆಸರು ಬದಲಿಸುತ್ತೇನೆ, ಬೇಡವೆಂದವರನ್ನು ಬಿಡುತ್ತೇನೆ ಎಂದು ಹೇಳಿದರು. ಇಬ್ಬರು ಬೇಡವೆಂದರು. ನಾಲ್ವರು ಸಹಿ ಹಾಕಿದೆವು. ನಮ್ಮ ಕಿಟ್ಟಿಯ ವಿಷಯವನ್ನೂ ಬರೆಯುತ್ತೀರಾ ಎಂದು ಕೇಳಿದ್ದಕ್ಕೆ ಅವರು ಇನ್ನೊಂದು ಸುತ್ತು ಟೀ ಹೇಳಿದರು, ಉತ್ತರ ಹೇಳಲಿಲ್ಲ.